ಕೆಸರಿನೊಳಗಿನ ಉಸಿರು

ಯಡಿಯೂರಿಗೆ ನಿಮ್ಮಲ್ಲಿ ಬಹಳ ಜನ ಬಂದಿರುತ್ತೀರಿ. ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವವರು ದಾರಿಯಲ್ಲಿ ಇಳಿದು, ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು ಮುಂದಕ್ಕೆ ಹೊರಡುವುದು ರೂಢಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಚಿನಲ್ಲಿ ಕರಿ ಕೆಸರು ಉಳಿಯುತ್ತದೆ. ಹುಡುಗರಾಗಿದ್ದಾಗ ಆ ಕೆಸರಿಗೆ ಕೋಲು ಚುಚ್ಚುವುದು ನಮಗೊಂದು ಆಟ. ಚುಚ್ಚಿದ ಕಡೆಯೆಲ್ಲ ಗುಳುಗುಳು ಎಂದು ಗುಳ್ಳೆ ಏಳುತ್ತಿದ್ದವು, ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯುತ್ತಿತ್ತು. ಒಳಗೆ ಏನೋ ಉಸಿರಾಡುತ್ತಿದೆ ಎಂದು ನಮ್ಮಲ್ಲೊಬ್ಬ ಹೇಳಿದ. ಉಳಿದವರೆಲ್ಲ ನಕ್ಕೆವು. ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಲು ನಿಂತಾಗ ಗೊತ್ತಾಯಿತು, ಅವನು ಹೇಳಿದ್ದೇ ಸರಿ.

1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮ್ಯಾಗಿಯೋರೆ ಸರೋವರದ ಜೊಂಡಿನ ನಡುವೆ ಇದೇ ಆಟ ಆಡಿದ್ದ. ಕೆಸರು ಕಲಕಿ, ಎದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಬೆಂಕಿ ಮುಟ್ಟಿಸಿದ. ಅದು ಉರಿಯಿತು. ಇವತ್ತು ನಾವು ಮೀಥೇನ್ ಎನ್ನುವ ಅನಿಲ ಅದು. ಅದನ್ನು ತಯಾರಿಸುವವರು ಯಾರು ಎಂಬುದು ತಿಳಿಯಲು ಆಮೇಲೆ ನೂರು ವರ್ಷದ ಮೇಲೆಯೇ ಹಿಡಿಯಿತು. ತಯಾರಿಸುವವರು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಇಡೀ ದೇಹವೆಂದರೆ ಒಂದೇ ಒಂದು ಜೀವಕೋಶ. ಅದರಲ್ಲೇ ಬಾಯಿ, ಹೊಟ್ಟೆ, ಮೈ, ಮನೆ ಎಲ್ಲ. ಗಾಳಿ ಕಟ್ಟಿದರೆ ನಾವು ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ಕಳೆದುಕೊಳ್ಳುವವರು. ಇವು ಏನು ಮಾಡುತ್ತವೆ? ವಿಷ ಬಿದ್ದರೆ ಏನು ಮಾಡುತ್ತವೆ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಒಂದು ಹನಿ ನೀರಿನಿಂದ ಶುರು ಮಾಡೋಣ. ಒಣಹುಲ್ಲನ್ನು ಕೆರೆ ನೀರಿನಲ್ಲಿ ನಾಲ್ಕು ದಿನ ನೆನೆಸಿಟ್ಟರೆ ಮೇಲೆ ತೆಳುವಾದ ಕೆನೆ ಕಟ್ಟುತ್ತದೆ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದೆ. ಮಕ್ಕಳು ಸರದಿಯಲ್ಲಿ ಬಂದು ನೋಡುತ್ತಿದ್ದರು. ಮೊದಲಿಗೆ ಜಾತ್ರೆಯಲ್ಲಿ ಜನ ಓಡಾಡಿದ ಹಾಗೆ ಎಲ್ಲ ಕಡೆಯೂ ಓಡಾಟ. ಹದಿನೈದು ಇಪ್ಪತ್ತು ನಿಮಿಷ ಕಳೆಯಲಿ, ನಡುವೆ ಖಾಲಿಯಾಗುತ್ತ ಬರುತ್ತದೆ. ಎಲ್ಲಿ ಹೋದವು ಎಂದು ಗಾಜನ್ನು ಸರಿಸಿ ನೋಡಿದರೆ ಅಂಚಿಗೆ ಹೋಗಿ ಸಾಲುಗಟ್ಟಿರುತ್ತವೆ. ಗಾಜಿನ ಕೆಳಗೆ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿದ್ದರೆ ಅದರ ಸುತ್ತ ಮುತ್ತಿಕೊಂಡಿರುತ್ತವೆ. ಹನಿಯ ನಡುವಿನ ಆಮ್ಲಜನಕ ಖರ್ಚಾಯಿತು, ಆದ್ದರಿಂದ ಗಾಳಿ ಸಿಗುವ ಬಾಗಿಲಿಗೆ ಬಂದವು. ಜರ್ಮನಿಯ ಥಿಯೊಡೋರ್ ಏಂಗೆಲ್ಮನ್ 1880ರ ದಶಕದಲ್ಲಿ ಇದನ್ನೇ ಹಿಡಿದುಕೊಂಡು ಒಂದು ಸೊಗಸಾದ ಪ್ರಯೋಗ ಮಾಡಿದ. ಪಾಚಿಯ ಒಂದು ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿ, ಬ್ಯಾಕ್ಟೀರಿಯಗಳನ್ನು ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪು ಸೇರಿದವು. ಅಂದರೆ ಪಾಚಿ ಆಮ್ಲಜನಕ ಬಿಡುತ್ತಿದ್ದದ್ದು ಹೆಚ್ಚಾಗಿ ಆ ಬೆಳಕಿನಲ್ಲೇ. ಅಳೆಯುವ ಯಂತ್ರವಿಲ್ಲದ ಕಾಲದಲ್ಲಿ ಬ್ಯಾಕ್ಟೀರಿಯವೇ ಯಂತ್ರವಾಯಿತು.

ಓಡಿಹೋಗಲು ಅಂಚೇ ಇಲ್ಲದಿದ್ದರೆ? ಆಗ ಅವು ಕಸುಬು ಬದಲಾಯಿಸುತ್ತವೆ. ನಿಮ್ಮ ಮನೆಯ ಇಡ್ಲಿ ಹಿಟ್ಟನ್ನೇ ನೋಡಿ. ರಾತ್ರಿ ರುಬ್ಬಿ ಮುಚ್ಚಿಟ್ಟ ಹಿಟ್ಟು ಬೆಳಗ್ಗೆ ಪಾತ್ರೆ ಮೀರಿ ಉಬ್ಬಿರುತ್ತದೆ. ಆ ಗಟ್ಟಿ ಹಿಟ್ಟಿನೊಳಗೆ ಗಾಳಿಯೆಲ್ಲಿದೆ? ಉದ್ದಿನ ಜೊತೆ ಬಂದ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ ಗಾಳಿಯ ಹಂಗಿಲ್ಲದೆ ಸಕ್ಕರೆಯನ್ನು ಒಡೆದು, ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಗೆ ಹಾಕುತ್ತದೆ. ನಾವು ಹಿಟ್ಟು ಹುಳಿ ಬಂತು, ಹುದುಗು ಬಂತು ಎನ್ನುವುದು ಅದನ್ನೇ. ಈ ಕಸುಬಿನಲ್ಲಿ ಲಾಭ ಕಡಿಮೆ. ಗಾಳಿಯಲ್ಲಿ ಉಸಿರಾಡುವ ಜೀವಕೋಶಕ್ಕೆ ಸಕ್ಕರೆಯ ಒಂದು ಅಣುವಿನಿಂದ ಮೂವತ್ತರ ಆಸುಪಾಸು ಶಕ್ತಿಯ ನಾಣ್ಯ ಸಿಕ್ಕರೆ, ಬರೀ ಹುದುಗಿನಿಂದ ಎರಡೇ. ಆದರೂ ಎರಡರಲ್ಲೇ ಸಂಸಾರ ನಡೆಸುತ್ತವೆ. ಗಾಳಿಯಿಲ್ಲದೆಯೂ ಬದುಕು ಸಾಧ್ಯ ಎಂದು 1861ರಲ್ಲಿ ಲೂಯಿ ಪಾಶ್ಚರ್ ತೋರಿಸಿದಾಗ ನಂಬಲು ಬಹಳ ಜನಕ್ಕೆ ಕಷ್ಟವಾಯಿತಂತೆ. ನಮ್ಮ ಅಡುಗೆಮನೆಯ ಹೆಂಗಸರು ಅದಕ್ಕೂ ಎಷ್ಟೋ ಮೊದಲೇ ಆ ಜೀವಿಗಳನ್ನು ಪಳಗಿಸಿ ಇಟ್ಟುಕೊಂಡಿದ್ದರು.

ಗಾಳಿ ಇದೆಯೋ ಇಲ್ಲವೋ ಎಂದು ಕಣ್ಣು ಮೂಗಿಲ್ಲದ ಜೀವಿಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಅದನ್ನು ಚೆನ್ನಾಗಿ ಶೋಧಿಸಿದ್ದಾರೆ. ಎಫ್‌ಎನ್‌ಆರ್ ಎಂಬ ಒಂದು ಪ್ರೋಟೀನಿದೆ. ಅದರ ಒಳಗೆ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಪರಮಾಣುಗಳ ಒಂದು ಗಂಟು. ಆಮ್ಲಜನಕ ಬಂದರೆ ಗಂಟು ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ, ಪ್ರೋಟೀನು ಸುಮ್ಮನಾಗುತ್ತದೆ. ಆಮ್ಲಜನಕ ಹೋದರೆ ಗಂಟು ಗಟ್ಟಿಯಾಗಿ ನಿಲ್ಲುತ್ತದೆ, ಪ್ರೋಟೀನು ಹೋಗಿ ಡಿಎನ್‌ಎಯನ್ನು ಹಿಡಿದುಕೊಂಡು ಗಾಳಿಯಿಲ್ಲದ ಸಂಸಾರಕ್ಕೆ ಬೇಕಾದ ನೂರಾರು ಜೀನ್‌ಗಳನ್ನು ಎಚ್ಚರಿಸುತ್ತದೆ. ಬಾಗಿಲ ಚಿಲಕ ತುಕ್ಕು ಹಿಡಿದರೆ ಹೊರಗೆ ತೇವವಿದೆ ಎಂದು ತಿಳಿಯುವಂತೆ. ಇಷ್ಟು ಸರಳ, ಇಷ್ಟು ನಂಬಿಗಸ್ತ. ನನಗಂತೂ ಇದನ್ನು ಮೊದಲು ಓದಿದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ಕೆಲವು ಕಸುಬೂ ಬೇಡ, ಓಟವೂ ಬೇಡ ಎಂದು ಮಲಗಿಬಿಡುತ್ತವೆ. ಅಮೀಬ ಗಟ್ಟಿ ಕವಚ ಕಟ್ಟಿಕೊಂಡು ಉಂಡೆಯಾಗುತ್ತದೆ. ಕೆಲವು ಬ್ಯಾಕ್ಟೀರಿಯಗಳು ಬೀಜಕವಾಗುತ್ತವೆ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಫಾರಂ ಇದೆಯಲ್ಲ, ಕುದುರೆ ಲದ್ದಿ ಬಿದ್ದ ಇಂಥ ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯದ ಬೀಜಕಗಳು ಹೆಚ್ಚು. ಅದಕ್ಕೆ ಆಮ್ಲಜನಕವೇ ವಿಷ. ಬಯಲಿನಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ಮೊಳೆ ಚುಚ್ಚಿದ ಆಳವಾದ, ಗಾಳಿಯಾಡದ ಗಾಯ ಸಿಕ್ಕರೆ ಎಚ್ಚರವಾಗುತ್ತದೆ. ಚುಚ್ಚಿದ ಗಾಯಕ್ಕೆ ಇಂಜೆಕ್ಷನ್ ತಪ್ಪಿಸಬೇಡಿ ಎಂದು ಡಾಕ್ಟರು ಹೇಳುವುದು ಅದಕ್ಕೇ.

ಆಮ್ಲಜನಕವೇ ವಿಷ ಎಂದೆ. ಪ್ರಾಣವಾಯು ಎಂದು ಕರೆದವರು ನಾವು, ನಮಗೆ ಅದು ಪ್ರಾಣ. ಆದರೆ ಭೂಮಿಯ ಮೇಲೆ ಜೀವ ಹುಟ್ಟಿದಾಗ ಗಾಳಿಯಲ್ಲಿ ಅದು ಇರಲಿಲ್ಲ. ಯಡಿಯೂರಿನಿಂದ ಉತ್ತರಕ್ಕೆ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಗೆ ಹೋಗಿ. ಅಲ್ಲಿನ ಸುಣ್ಣಕಲ್ಲಿನಲ್ಲಿ ಎಲೆಕೋಸನ್ನು ಸೀಳಿದರೆ ಕಾಣುವಂಥ ಪದರ ಪದರ ಗೆರೆಗಳಿವೆ. ಭೂವಿಜ್ಞಾನಿಗಳು ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಏಕಕೋಶ ಜೀವಿಗಳು ಚಾಪೆ ಹಾಸಿದಂತೆ ಹರಡಿ, ಮೇಲೆ ಹೂಳು ಕೂತಂತೆಲ್ಲ ಮತ್ತೆ ಮೇಲೆ ಬೆಳೆದು ಕಟ್ಟಿದ ಗೋಡೆಗಳು ಅವು. ಇಂಥ ಜೀವಿಗಳಲ್ಲಿ ಕೆಲವು ಬಿಸಿಲು ಹಿಡಿದು ನೀರನ್ನು ಒಡೆಯಲು ಕಲಿತವು. ಒಡೆದಾಗ ಕಸವಾಗಿ ಹೊರಬಿದ್ದದ್ದು ಆಮ್ಲಜನಕ. ಬಹುಕಾಲ ಅದನ್ನು ಕಡಲಿನಲ್ಲಿ ಕರಗಿದ್ದ ಕಬ್ಬಿಣ ಹಿಡಿದು ತುಕ್ಕಾಗಿ ತಳಕ್ಕೆ ಇಳಿಸುತ್ತಿತ್ತು. ಪಕ್ಕದ ಚಿಕ್ಕನಾಯಕನಹಳ್ಳಿಯ ಕಬ್ಬಿಣದ ಅದಿರಿನ ಬೆಟ್ಟಗಳು ಅಂಥ ಕಡಲತಳದ ಪದರಗಳೇ. ಸುಮಾರು 240 ಕೋಟಿ ವರ್ಷದ ಹಿಂದೆ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು.

ಅಲ್ಲಿಯವರೆಗಿನ ಜೀವಿಗಳಿಗೆ ಇದೊಂದು ಮಹಾ ವಿಷಪ್ರಾಶನ. ಆಮ್ಲಜನಕ ಕೋಶದೊಳಗೆ ನುಗ್ಗಿದರೆ ಕೆಂಡದ ಕಿಡಿಯಂಥ ಚೂರುಗಳು ಹುಟ್ಟಿ ಸಿಕ್ಕಿದ್ದನ್ನೆಲ್ಲ ಸುಡುತ್ತವೆ. ಸುಡದಂತೆ ಕಿಡಿ ಆರಿಸುವ ಕಿಣ್ವವೊಂದನ್ನು ಕೆಲವು ಜೀವಿಗಳು ರೂಢಿಸಿಕೊಂಡವು. ಆ ಕಿಣ್ವ ಯಾವ ಕೆಲಸ ಮಾಡುತ್ತದೆ ಎಂದು ವಿಜ್ಞಾನಿಗಳಾದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಕಂಡುಹಿಡಿದದ್ದು 1969ರಲ್ಲಿ. ನಮ್ಮ ಮೈಯಲ್ಲೂ ಅದೇ ಜಾತಿಯ ಕಿಣ್ವಗಳಿವೆ, ಅದರಿಂದಲೇ ಉಸಿರಾಡಿ ಉಳಿದಿದ್ದೇವೆ. ವಿಷವನ್ನೇ ಪಳಗಿಸಿ ಪ್ರಾಣ ಮಾಡಿಕೊಂಡವರ ವಂಶ ನಮ್ಮದು. ಪಳಗಿಸಲಾರದವು ಗಾಳಿ ಸೋಕದ ಜಾಗ ಹುಡುಕಿಕೊಂಡು ಅಡಗಿದವು. ಕೆರೆಯ ಕೆಸರಿಗೆ, ಗದ್ದೆಯ ಬುಡಕ್ಕೆ, ಎಷ್ಟೋ ಕಾಲದ ಮೇಲೆ ಹಸುವಿನ ಹೊಟ್ಟೆಗೆ.

ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ಮೀರಿ ಹಿಡಿಯುವ ಗಾಳಿಯಿಲ್ಲದ ಹಂಡೆ. ಅದರ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯ. ಜೊತೆಗೆ ಮೈತುಂಬ ರೋಮವಿರುವ ಏಕಕೋಶ ಪ್ರಾಣಿಗಳು. ನಮ್ಮ ಕೋಶಗಳಲ್ಲಿ ಆಮ್ಲಜನಕ ಉರಿಸುವ ಒಲೆಯಿದೆಯಲ್ಲ, ಮೈಟೊಕಾಂಡ್ರಿಯ, ಈ ಪ್ರಾಣಿಗಳು ಅದನ್ನು ತಿದ್ದಿ ಜಲಜನಕ ಬಿಡುವ ಬೇರೆ ಒಲೆ ಮಾಡಿಕೊಂಡಿವೆ. ಆ ಜಲಜನಕಕ್ಕೆ ಕಾದು ಕುಳಿತ ಇನ್ನೂ ಸಣ್ಣ ಜೀವಿಗಳು ಅವುಗಳ ಮೈಯೊಳಗೇ ಮನೆ ಮಾಡಿ ಮೀಥೇನ್ ತಯಾರಿಸುತ್ತವೆ. ಈ ಮೀಥೇನಿನ ತಯಾರಕರು ಬ್ಯಾಕ್ಟೀರಿಯವೇ ಅಲ್ಲ, ಜೀವಲೋಕದ ಬೇರೆಯದೇ ಕವಲು ಎಂದು 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ತೋರಿಸಿದರು. ಆರ್ಕಿಯ ಎಂದು ಅವುಗಳ ಹೆಸರು. ಹಸು ಮೆಲುಕು ಹಾಕುತ್ತ ತೇಗಿದಾಗ ಹೊರಬರುವುದು ಅದೇ ಕೆಸರಿನ ಗುಳ್ಳೆ.

ಈಗ ನಮ್ಮ ಕುಣಿಗಲ್ ತಾಲ್ಲೂಕಿನ ಹೆಮ್ಮೆಯ ಒಂದು ಸಂಗತಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟುಹಾಕಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಅದರ ಗುರಿ. ಅವರು ಕೆಲಸಕ್ಕೆ ಆರಿಸಿಕೊಂಡದ್ದು ನಮ್ಮ ಉಂಗ್ರದ ಸುತ್ತಿನ ಹಳ್ಳಿಗಳನ್ನು. ಅದರಲ್ಲಿ ಪುರ ಎಂಬುದು ಆಗ ಐನೂರು ಜನರೂ ಇಲ್ಲದಿದ್ದ ಸಣ್ಣ ಊರು. ಮೊದಲು ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡಲು ನೋಡಿದರು. ಇದ್ದ ದನಗಳ ಸೆಗಣಿ ಎಲ್ಲ ಮನೆಯ ಒಲೆಗೆ ಸಾಲಲಿಲ್ಲ. ಅವರು ಬಿಟ್ಟುಹೋಗಲಿಲ್ಲ. ಊರವರನ್ನು ಕೇಳಿದರು. ಊರಿಗೆ ಬೇಕಾಗಿದ್ದದ್ದು ಕುಡಿಯುವ ನೀರು ಮತ್ತು ರಾತ್ರಿಯ ಬೆಳಕು. 1987ರ ಸೆಪ್ಟೆಂಬರಿನಿಂದ ಅದೇ ಅನಿಲ 5 ಕಿಲೋವಾಟಿನ ಒಂದು ಎಂಜಿನ್ ನಡೆಸಿತು. ಬೋರ್‌ವೆಲ್ಲಿನ ನೀರು ಬೀದಿಯ ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತಿತು. ದಿನವೂ ಸೆಗಣಿ ಹೊತ್ತು ತಂದವರು ಹೆಚ್ಚಾಗಿ ಹೆಂಗಸರು. ತಂದ ಸೆಗಣಿಗೆ ದುಡ್ಡು ಕೊಡುತ್ತಿದ್ದರು, ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಸೋಸಿ ಗೊಬ್ಬರಕ್ಕೆ ಹಿಂದಕ್ಕೆ ಕೊಡುತ್ತಿದ್ದರು. ಸ್ಥಾವರಕ್ಕೆ ದಿನಕ್ಕೆ ಒಂದು ಟನ್ನಿಗೂ ಮಿಕ್ಕಿ ಸೆಗಣಿ ಅರಗಿಸಿ 42 ಘನ ಮೀಟರಿನಷ್ಟು ಅನಿಲ ಕೊಡುವ ಶಕ್ತಿಯಿತ್ತು. ಇದರ ಹಿಂದೆ ನಿಂತು ದುಡಿದ ಕೂಲಿಗಳು ಯಾರು? 240 ಕೋಟಿ ವರ್ಷದ ಹಿಂದೆ ಗಾಳಿಗೆ ಹೆದರಿ ಅಡಗಿದವರ ಸಂತಾನ.

ಗೋಬರ್ ಗ್ಯಾಸ್ ಗುಂಡಿಯನ್ನು ತೊಟ್ಟಿ ಎಂದು ನೋಡಬೇಡಿ, ಕೊಟ್ಟಿಗೆಯಲ್ಲಿ ಕಟ್ಟಿದ ಇನ್ನೊಂದು ಹಸು ಎಂದು ನೋಡಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಒಳಗೆ ಒಬ್ಬರ ಎಂಜಲನ್ನು ಇನ್ನೊಬ್ಬರು ಉಣ್ಣುವ ಪಂಕ್ತಿ ನಡೆದಿರುತ್ತದೆ. ಮೊದಲಿನವರು ನಾರನ್ನು ಸಕ್ಕರೆ ಮಾಡುತ್ತಾರೆ, ಆಮೇಲಿನವರು ಸಕ್ಕರೆಯನ್ನು ಹುಳಿ ಮಾಡುತ್ತಾರೆ, ಕೊನೆಗೆ ಆರ್ಕಿಯಗಳು ಹುಳಿಯನ್ನೂ ಜಲಜನಕವನ್ನೂ ಮೀಥೇನ್ ಮಾಡುತ್ತವೆ. ಕೊನೆಯ ಸಾಲಿನವರು ಬಹಳ ನಿಧಾನದವರು. ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇವರಲ್ಲಿ ಕೆಲವರು ಎರಡಾಗಲು ದಿನಗಳೇ ಬೇಕು. ಅವರು ಸತ್ತರೆ ಹುಳಿ ಮಾಡುವವರ ಕೈ ಮೇಲಾಗಿ ಗುಂಡಿ ಹುಳಿತುಹೋಗುತ್ತದೆ.

ಯಡಿಯೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸ್ನೇಹಿತರ ಮನೆಯಲ್ಲಿ ಹೀಗೆಯೇ ಆಯಿತು. ಐದಾರು ವರ್ಷ ಚೆನ್ನಾಗಿ ಉರಿದ ಒಲೆ ಒಂದು ವಾರದಲ್ಲಿ ಮಂಕಾಯಿತು. ಗುಂಡಿಯ ಮೇಲೆ ಅನಿಲ ಹಿಡಿದಿಡುವ ಡ್ರಮ್ಮು ಮೇಲೇಳಲಿಲ್ಲ. ಪೈಪು ನೋಡಿದರು, ಕವಾಟ ನೋಡಿದರು, ಎಲ್ಲ ಸರಿಯಾಗಿತ್ತು. ನಾನು ಹೋದಾಗ ಬಗ್ಗಡದ ವಾಸನೆಯೇ ಬೇರೆ, ಮೂಗಿಗೆ ಚುಚ್ಚುವ ಹುಳಿ. ಲಿಟ್ಮಸ್ ಕಾಗದ ಅದ್ದಿದೆ, ಕೆಂಪಾಯಿತು. ಇತ್ತೀಚೆಗೆ ಏನು ಮಾಡಿದಿರಿ ಎಂದು ಕೇಳುತ್ತ ಹೋದೆ. ಎರಡು ಹಸುಗಳಿಗೆ ಕೆಚ್ಚಲು ಬಾವು ಬಂದು ಹತ್ತು ದಿನ ಆಂಟಿಬಯಾಟಿಕ್ ಕೊಟ್ಟಿದ್ದರು. ಆ ಸೆಗಣಿಯೆಲ್ಲ ಗುಂಡಿಗೆ. ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದಿದ್ದರು. ಆ ನೀರೂ ಗುಂಡಿಗೆ. ಹಸುಗಳ ರೋಗ ವಾಸಿಯಾಯಿತು, ಮೂರನೇ ಹಸು ಮಲಗಿತು. ಒಂದು ತಿಂಗಳು ಹೊಸ ಸೆಗಣಿ ಕಡಿಮೆ ಮಾಡಿ, ಸ್ವಲ್ಪ ಸುಣ್ಣದ ತಿಳಿ ಬಿಟ್ಟು, ಪಕ್ಕದ ಮನೆಯ ಗುಂಡಿಯಿಂದ ನಾಲ್ಕು ಬಕೆಟ್ ಬಗ್ಗಡ ತಂದು ಹೆಪ್ಪು ಹಾಕಿದ ಮೇಲೆ ಡ್ರಮ್ಮು ಎದ್ದಿತು. ಮೊಸರಿಗೆ ಹೆಪ್ಪು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ವಿಷ ಬಿದ್ದಾಗ ಈ ಜೀವಿಗಳೇನೂ ಸುಮ್ಮನೆ ಸಾಯುವುದಿಲ್ಲ. ನಮ್ಮ ಕಡೆ ತೆಂಗು ಅಡಿಕೆಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತದಲ್ಲಿರುವ ತಾಮ್ರ ಬಹಳಷ್ಟು ಜೀವಕೋಶಗಳಿಗೆ ಚೂರು ಬೇಕು, ಹೆಚ್ಚಾದರೆ ವಿಷ. ಹೆಚ್ಚಾದದ್ದನ್ನು ಹೊರಗೆ ತಳ್ಳಲು ಬ್ಯಾಕ್ಟೀರಿಯಗಳ ಪೊರೆಯಲ್ಲಿ ಪಂಪುಗಳಿವೆ, ದೋಣಿಯಿಂದ ನೀರು ಎತ್ತಿಹಾಕುವ ಹಾಗೆ. ಆಂಟಿಬಯಾಟಿಕ್ಕನ್ನೂ ಕೆಲವು ಹಾಗೆಯೇ ಎತ್ತಿಹಾಕುತ್ತವೆ, ಕೆಲವು ಅದನ್ನು ತುಂಡರಿಸುವ ಕಿಣ್ವ ಮಾಡುತ್ತವೆ. ಇನ್ನು ಕೆಲವು ಏನೂ ಮಾಡದೆ ಬೆಳವಣಿಗೆ ನಿಲ್ಲಿಸಿ ಬಿದ್ದುಕೊಳ್ಳುತ್ತವೆ. ಬೆಳೆಯುವ ಕೋಶವನ್ನು ಮಾತ್ರ ಕೊಲ್ಲುವ ಪೆನಿಸಿಲಿನ್ ಅವುಗಳನ್ನು ದಾಟಿ ಹೋಗುತ್ತದೆ. 1944ರಲ್ಲಿ ಐರ್ಲೆಂಡಿನ ಜೋಸೆಫ್ ಬಿಗ್ಗರ್ ಇದನ್ನು ಗಮನಿಸಿದ. ಡಾಕ್ಟರು ಐದು ದಿನ ಬರೆದ ಮಾತ್ರೆಯನ್ನು ಎರಡನೇ ದಿನಕ್ಕೆ ನಾವೇ ನಿಲ್ಲಿಸುವಾಗ ಇಂಥ ಮಲಗಿದವರೂ ಒಳಗಿರುತ್ತಾರೆ ಎಂಬುದು ನೆನಪಿರಲಿ.

ಸಯನೈಡ್ ಎಂದರೆ ಎಲ್ಲರಿಗೂ ಭಯ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿ ಸಯನೈಡ್ ಹಾಕಿ ಚಿನ್ನ ತೆಗೆದ ಮರಳಿನ ಗುಡ್ಡಗಳು ಇವತ್ತಿಗೂ ನಿಂತಿವೆ. ನಮ್ಮ ರೈತರಿಗೆ ಇನ್ನೂ ಹತ್ತಿರದ ಸಯನೈಡ್ ಎಂದರೆ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ. ಅದನ್ನು ಮೇಯ್ದ ದನ ಹೊಟ್ಟೆಯುಬ್ಬರಿಸಿ, ಏದುಸಿರು ಬಿಟ್ಟು, ಗಳಿಗೆಯಲ್ಲಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲೆಯಲ್ಲಿ ಕಟ್ಟಿಹಾಕಿದ್ದ ವಿಷವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಬಿಡಿಸಿಬಿಡುತ್ತವೆ. ಅದು ರಕ್ತಕ್ಕೆ ಸೇರಿ, ಕೋಶದ ಒಲೆಯಲ್ಲಿ ಆಮ್ಲಜನಕ ಬಂದು ಸೇರುವ ಕಬ್ಬಿಣದ ಜಾಗವನ್ನು ಹಿಡಿದು ಕೂರುತ್ತದೆ. ರಕ್ತ ತುಂಬ ಆಮ್ಲಜನಕ, ಆದ್ದರಿಂದಲೇ ಕಡುಕೆಂಪು. ಕೋಶಕ್ಕೆ ಮಾತ್ರ ಅದನ್ನು ಬಳಸಲಾಗದು. ಗಾಳಿಯ ನಡುವೆಯೇ ಉಸಿರುಕಟ್ಟಿ ಸಾವು. ಬೇಗ ಪಶುವೈದ್ಯರು ಬಂದು ಗಂಧಕ ಕೊಡುವ ಹೈಪೊ ಲವಣದ ಇಂಜೆಕ್ಷನ್ ಮಾಡಿದರೆ ದನ ಉಳಿಯಬಹುದು. ವಿಚಿತ್ರವೆಂದರೆ ಆ ವಿಷ ಬಿಡಿಸಿದ ಹೊಟ್ಟೆಯ ಜೀವಿಗಳಲ್ಲಿ ಹೆಚ್ಚಿನವು ಆಮ್ಲಜನಕದ ಒಲೆಯನ್ನೇ ಹಚ್ಚುವವಲ್ಲ. ಹಸುವನ್ನು ಕೊಂದ ಆ ಪೆಟ್ಟು ಅವುಗಳಿಗೆ ತಾಗುವ ಜಾಗವೇ ಇಲ್ಲ. ಮಣ್ಣಿನ ಕೆಲವು ಸೂಡೊಮೊನಾಸ್ ಬ್ಯಾಕ್ಟೀರಿಯಗಳಂತೂ ಸಯನೈಡನ್ನೇ ಒಡೆದು ಸಾರಜನಕದ ಆಹಾರ ಮಾಡಿಕೊಳ್ಳುತ್ತವೆ.

ಕೊನೆಗೆ ಆ ಕೊಳೆತ ಮೊಟ್ಟೆಯ ನಾತಕ್ಕೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಇವತ್ತು ಇಲ್ಲಿಗೆ ಬಂದೆ. ಗಾಳಿಯಿಲ್ಲದ ಕಡೆ ಆಮ್ಲಜನಕದ ಬದಲು ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಗಳಿವೆ. 1895ರಲ್ಲಿ ಹಾಲೆಂಡಿನ ಬೈಯರಿಂಕ್ ಅವುಗಳನ್ನು ಗುರುತಿಸಿದ. ಅವುಗಳ ಉಸಿರೇ ಹೈಡ್ರೋಜನ್ ಸಲ್ಫೈಡ್. ಗೋಬರ್ ಗ್ಯಾಸ್ ಗುಂಡಿ, ಶೌಚದ ಗುಂಡಿ, ಒಳಚರಂಡಿ, ಮುಚ್ಚಿದ ಹಳೇ ಬಾವಿ, ಎಲ್ಲ ಕಡೆ ಇರುತ್ತದೆ. ಅದು ನಮ್ಮ ಕೋಶದಲ್ಲಿ ಹೋಗಿ ಕೂರುವುದು ಸಯನೈಡ್ ಕೂರುವ ಅದೇ ಜಾಗದಲ್ಲಿ. ಸ್ವಲ್ಪ ಇದ್ದಾಗ ನಾತ ಬರುತ್ತದೆ. ಹೆಚ್ಚಾದಾಗ ಮೂಗಿನ ನರವೇ ಮರಗಟ್ಟಿ ನಾತ ನಿಂತುಹೋಗುತ್ತದೆ. ನಾತ ಹೋಯಿತು, ಇಳಿಯಬಹುದು ಎಂದುಕೊಂಡವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನನ್ನು ಎತ್ತಲು ಪಕ್ಕದ ಮನೆಯವನು. ಇಂಥ ಸಾವಿನ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ, ಸತ್ತವರು ಹೆಚ್ಚಾಗಿ ಬಡವರು, ಕೂಲಿಗೆ ಕರೆಸಿಕೊಂಡವರು. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಶೌಚದ ಗುಂಡಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಔಷಧಿ ಕೊಟ್ಟ ಹಸುವಿನ ಸೆಗಣಿಯನ್ನು ಸ್ವಲ್ಪ ದಿನ ತಿಪ್ಪೆಗೆ ಹಾಕಿ, ಫಿನಾಯಿಲ್ ನೀರನ್ನು ಬೇರೆ ಕಡೆ ಬಿಡಿ, ನಿಮ್ಮ ಗುಂಡಿಯ ಜೀವಿಗಳು ನಿಮಗೆ ದುಡಿಯಲಿ. ಆದರೆ ಯಾವ ಗುಂಡಿಗೂ ನೀವು ಇಳಿಯಬೇಡಿ, ದುಡ್ಡು ಕೊಟ್ಟು ಇನ್ನೊಬ್ಬರನ್ನೂ ಇಳಿಸಬೇಡಿ. ಹೀರುವ ಯಂತ್ರದ ಗಾಡಿ ತರಿಸಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಆ ಕ್ಷಣವೇ 112ಕ್ಕೆ ಕರೆ ಮಾಡಿ. ಈ ಸಂಜೆಯೇ ಮನೆಯ ಹಿತ್ತಲಿಗೆ ಹೋಗಿ, ಗುಂಡಿಯ ಮುಚ್ಚಳ ಭದ್ರವಾಗಿದೆಯೇ ಎಂದು ಒಮ್ಮೆ ನೋಡಿ ಬನ್ನಿ.